ಡೆಲ್ಫಿನ್ ಅತ್ತಿಗೆಯ ಗೋಡೆ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಎನ್ನುವ ವಿಷಯದಲ್ಲಿ ನನಗೂ ನನ್ನ ಅತ್ತಿಗೆಗೂ ಮೂರು ವಾರದಿಂದ ಜಗಳ ನಡೆದಿದೆ. ಬೆಂಕಿಯಿಂದ ಶುರು ಮಾಡೋಣ ಅನ್ನುತ್ತೇನೆ ನಾನು. ಕಥೆ ಅಂದಮೇಲೆ ಮೊದಲ ಪುಟದಲ್ಲೇ ಏನಾದರೂ ಹೊತ್ತಿ ಉರಿಯಬೇಕು, ಇಲ್ಲದಿದ್ದರೆ ಓದುವವರು ಎದ್ದು ಹೋಗುತ್ತಾರೆ. ಅವಳು ಒಪ್ಪುವುದಿಲ್ಲ.

"ಸುಟ್ಟಿದ್ದು ನನ್ನ ಮನೆ. ಅದು ಎಷ್ಟನೇ ಪುಟದಲ್ಲಿ ಸುಡಬೇಕು ಅಂತ ನಾನು ಹೇಳ್ತೀನಿ. ನೀನು ಗೋಡೆಯಿಂದ ಶುರು ಮಾಡು."

"ಗೋಡೇಲಿ ಏನಿದೆ ಅತ್ತಿಗೆ?"

"ನಲವತ್ಮೂರು ಮೊಳೆ ಇದಾವೆ. ನಿನ್ನ ಕಥೇಲಿ ಅಷ್ಟಿದಾವಾ?"

ಇಲ್ಲ. ಆದ್ದರಿಂದ ಗೋಡೆಯಿಂದಲೇ ಶುರು ಮಾಡುತ್ತಿದ್ದೇನೆ. (ಮುಂದಿನ ಭಾಗದಲ್ಲೇ ಬೆಂಕಿ ಬರುತ್ತದೆ. ಅವಳಿಗೆ ಹೇಳಬೇಡಿ.)

ಡೆಲ್ಫಿನ್ ನನ್ನ ಗಂಡ ವೆಂಡೆಲ್‌ನ ಅಕ್ಕ, ವಯಸ್ಸು ಅರವತ್ತೈದು. ನಾನು ಶಶಿಕಲಾ, ಚಿತ್ರದುರ್ಗದವಳು. ಮೂವತ್ತೊಂದು ವರ್ಷದ ಹಿಂದೆ ಒಂಟಾರಿಯೊದ ಈ ಓಜಿಬ್ವೆ ಮೂಲನಿವಾಸಿಗಳ ಊರಿಗೆ, ಇಲ್ಲಿಯ ಆರೋಗ್ಯ ಕೇಂದ್ರಕ್ಕೆ, ಒಂದು ವರ್ಷದ ಮಟ್ಟಿಗೆಂದು ನರ್ಸ್ ಆಗಿ ಬಂದೆ. ಆ ಒಂದು ವರ್ಷ ಇನ್ನೂ ಮುಗಿದಿಲ್ಲ. ಇಲ್ಲಿ ಅತ್ತಿಗೆಯೂ ತಮ್ಮನ ಹೆಂಡತಿಯೂ ಒಬ್ಬರನ್ನೊಬ್ಬರು ಗೇಲಿ ಮಾಡದೆ ಅರ್ಧ ದಿನ ಇದ್ದರೆ ಮನೆಯವರು ಯಾರಿಗೆ ಹುಷಾರಿಲ್ಲ ಎಂದು ವಿಚಾರಿಸುತ್ತಾರೆ. ಆ ಮಟ್ಟಿಗೆ ನಾನು ಊರು ಬಿಟ್ಟು ಬಂದಂತೆಯೇ ಇಲ್ಲ.

ಗೋಡೆಯ ಮೇಲಿರುವುದು ಡ್ರೀಮ್ ಕ್ಯಾಚರ್‌ಗಳು. ನಿಮಗೆ ಗೊತ್ತಿರುವುದೇ: ಬಳೆಯಂಥ ಒಂದು ಸುತ್ತು, ನಡುವೆ ಬಲೆಯಂತೆ ಹೆಣೆದ ದಾರ, ಕೆಳಗೆ ಒಂದೆರಡು ಗರಿ. ನಿಮ್ಮ ಕಾರಿನ ಕನ್ನಡಿಗೂ ಒಂದು ನೇತಾಡುತ್ತಿರಬಹುದು. ಅದು ಹುಟ್ಟಿದ್ದು ಇವರ ತೊಟ್ಟಿಲುಗಳ ಮೇಲೆ. ಕೆಟ್ಟ ಕನಸು ಬಲೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಮಗು ನಿದ್ದೆ ಮಾಡುತ್ತದೆ. ಇವರ ಮಾತಿನಲ್ಲಿ ಅದನ್ನು ಜೇಡ ಅಂತಲೇ ಕರೆಯುತ್ತಾರೆ. (ಮೊದಲ ಬಲೆ ಹೆಣೆದ ಜೇಡಜ್ಜಿಯ ಕಥೆ ಹೇಳಿ ಎಂದು ಕೇಳಬೇಡಿ. ಆ ಕಥೆಯನ್ನು ನೆಲದ ಮೇಲೆ ಹಿಮ ಇರುವಾಗ ಮಾತ್ರ ಹೇಳುವುದು. ನಾನು ಬರೆಯಲು ಕೂತಾಗ ಹಿಮ ಬಿದ್ದಿರಲಿಲ್ಲ.)

೨

ಕೈಬಿಟ್ಟ ಕರಡು ಹೀಗಿತ್ತು: ‘ಸರೋವರದ ಮೇಲೆ ಹದ್ದೊಂದು ಮೂರು ಸುತ್ತು ಹಾಕಿತು. ಪೈನ್ ಮರಗಳ ಪುರಾತನ ಮೌನದಲ್ಲಿ ಏನೋ ಅಶುಭ ಸುಳಿದಂತೆ…’

ವೆಂಡೆಲ್‌ಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಅವನು ಬ್ರೆಡ್ ಅಗಿಯುವುದನ್ನು ನಿಲ್ಲಿಸಿದ.

"ಹದ್ದೆಲ್ಲಿತ್ತು? ಅವತ್ತು ಅಲ್ಲಿದ್ದಿದ್ದು ಕಸದ ಡಬ್ಬಿ ಕೆದಕ್ತಿದ್ದ ಕಾಗೆ."

ಹದ್ದನ್ನು ಅಳಿಸಿದೆ. ಪುರಾತನ ಮೌನವನ್ನೂ ಅಳಿಸಿದೆ, ಏಕೆಂದರೆ ಪಕ್ಕದ ಮನೆಯವರು ಚೈನ್ ಗರಗಸ ಓಡಿಸುತ್ತಿದ್ದರು. ಉಳಿದದ್ದು ಇಷ್ಟು.

ಅಕ್ಟೋಬರ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಡೆಲ್ಫಿನ್ ಆರೋಗ್ಯ ಕೇಂದ್ರದಲ್ಲಿ ನನ್ನೆದುರು ಕೂತಿದ್ದಳು. ತೋಳಿಗೆ ಬಿಪಿ ಪಟ್ಟಿ ಸುತ್ತಿದ್ದೆ. ನೂರ ಐವತ್ತೆಂಟು ಬಂತು. ಡಬ್ಬಿಯ ಉಪ್ಪು ಮಾಂಸ ತಿನ್ನಬೇಡ ಎಂದು ಬೈಯುತ್ತಿರುವಾಗ ಹೊರಗೆ ಅಗ್ನಿಶಾಮಕದ ಲಾರಿ ಕೂಗುತ್ತಾ ಹೋಯಿತು. ಅವಳು ಕಿಟಕಿಯತ್ತ ತಿರುಗಿ, "ಪಾಪ, ಯಾರ ಮನೆಯೋ" ಎಂದಳು.

ಅವಳದೇ ಮನೆ. ಸೌದೆ ಒಲೆಯ ಕೊಳವೆಯಿಂದ ಹತ್ತಿಕೊಂಡಿತ್ತು. ನಾವು ಓಡಿ ಹೋಗಿ ತಲುಪುವ ಹೊತ್ತಿಗೆ ಚಾವಣಿ ಒಳಗೆ ಕುಸಿದಿತ್ತು. ಅವಳ ನಾಯಿ ಪಕ್ಕದ ಮನೆಯ ಮೆಟ್ಟಿಲ ಮೇಲೆ ಕೂತು ನೋಡುತ್ತಿತ್ತು, ಅದಕ್ಕೊಂದು ರೋಮವೂ ಸುಟ್ಟಿರಲಿಲ್ಲ. ಅತ್ತಿಗೆಯ ತೋಳಿಗೆ ಬಿಪಿ ಪಟ್ಟಿ ಹಾಗೆಯೇ ಇತ್ತು, ರಬ್ಬರಿನ ಉಂಡೆ ಮೊಣಕೈ ಹತ್ತಿರ ನೇತಾಡುತ್ತಿತ್ತು. ಅವಳು ಅಳಲಿಲ್ಲ, ಕೂಗಲಿಲ್ಲ. ಒಂದೇ ಮಾತು ಹೇಳಿದಳು.

"ಅಮ್ಮನ ಫೋಟೋ ಒಳಗಿತ್ತು."

ಅವಳಮ್ಮ ಮಾರ್ಗರೀಟ್ ಊರಿನ ಸೂಲಗಿತ್ತಿಯಾಗಿದ್ದಳು. ಡೆಲ್ಫಿನ್‌ಗೆ ಐದು ವರ್ಷವಾಗಿದ್ದಾಗ, ವೆಂಡೆಲ್ ಎದೆಹಾಲು ಬಿಡುವ ಮೊದಲೇ, ದೂರದ ಕ್ಷಯರೋಗದ ಆಸ್ಪತ್ರೆಗೆ ಹೋದವಳು ವಾಪಸ್ಸು ಬರಲಿಲ್ಲ. ಡೇರೆಯ ಮುಂದೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತ ಒಂದು ಫೋಟೋ ಇತ್ತು, ಅಷ್ಟೆ. ಪ್ರತಿ ಮಾಡಿಸಬೇಕು ಎಂದು ನಾವೆಲ್ಲರೂ ಮೂವತ್ತು ವರ್ಷದಿಂದ ಹೇಳುತ್ತಲೇ ಇದ್ದೆವು.

೩

ಇಲ್ಲಿ ಓದುಗರು ದುಃಖಕ್ಕೆ ತಯಾರಾಗಿ ಕೂತಿರುತ್ತೀರಿ. ಕ್ಷಮಿಸಿ, ಇನ್ನು ಸ್ವಲ್ಪ ಹೊತ್ತು ನಗೆಪಾಟಲಿನ ಸಂಗತಿ.

ಮಧ್ಯಾಹ್ನದ ಹೊತ್ತಿಗೆ ಊರಿನ ರೇಡಿಯೋದಲ್ಲಿ ಮೊರಿಸ್ ಸುದ್ದಿ ಹೇಳಿದ. ಮೊರಿಸ್ ಎಂದರೆ ರೇಡಿಯೋ, ರೇಡಿಯೋ ಎಂದರೆ ಮೊರಿಸ್. ಹವಾಮಾನ, ಸಾವು, ಬಿಂಗೋ ಆಟದ ಅಂಕಿ ಎಲ್ಲವನ್ನೂ ಅವನೊಬ್ಬನೇ ಹೇಳುತ್ತಾನೆ. "ಡೆಲ್ಫಿನ್ ಮನೆ ಹೋಯ್ತು. ಡೆಲ್ಫಿನ್ ಇದಾಳೆ. ಟೀಚರ್ ಇದ್ದ ಬಿಳಿ ಮನೆ ಖಾಲಿ ಇದೆ, ಅದನ್ನ ಅವಳಿಗೆ ಕೊಟ್ಟಿದಾರೆ. ನಿಮ್ಮನೇಲಿ ಹೆಚ್ಚಿಗೆ ಇರೋದನ್ನ ಹಾಲ್‌ಗೆ ತಂದಿಡಿ."

ಹಾಲ್‌ನಲ್ಲಿ ಮೇಜು ಹಾಕಿಕೊಂಡು ಕೂತವಳು ನಾನು. ಎರಡು ದಿನ ಜನ ಬರುತ್ತಲೇ ಇದ್ದರು. ಕಂಬಳಿ, ಕೆಟಲ್, ಮೀನು, ಒಂದು ಸೋಫಾ, ಎರಡು ಚೀಲ ಹಿಟ್ಟು. ಜೊತೆಗೆ ಪ್ರತಿಯೊಬ್ಬರ ಕೈಯಲ್ಲೂ ಒಂದು ಡ್ರೀಮ್ ಕ್ಯಾಚರ್.

ಕಾರಣವಿದೆ. ಈ ಊರಿನಲ್ಲಿ ಯಾರೂ ಅದನ್ನು ಕೊಳ್ಳುವುದಿಲ್ಲ, ಅದು ತಾನಾಗಿ ಬಂದು ಸೇರುತ್ತದೆ. ಸಕ್ಕರೆ ಕಾಯಿಲೆಯ ಸಮ್ಮೇಳನಕ್ಕೆ ಹೋದರೆ ಒಂದು, ನಿವೃತ್ತಿಯಾದರೆ ಒಂದು, ಹಾಕಿ ಪಂದ್ಯದಲ್ಲಿ ಸೋತರೂ ಸಮಾಧಾನಕ್ಕೆ ಒಂದು. ನಮ್ಮ ಕಡೆ ಸನ್ಮಾನದ ಶಾಲುಗಳು ಬೀರುವಿನಲ್ಲಿ ಹೇಗೆ ರಾಶಿ ಬೀಳುತ್ತವೋ ಹಾಗೆ. ಹೆಚ್ಚಿಗೆ ಇರುವುದನ್ನು ತನ್ನಿ ಎಂದರೆ ಜನ ಏನು ತರುತ್ತಾರೆ? ತೋಳದ ಚಿತ್ರವಿರುವುದು ಬಂತು. ನೇರಳೆ ಬಣ್ಣದ ಪ್ಲಾಸ್ಟಿಕ್ ಗರಿಯದು ಬಂತು. ಬ್ಯಾಟರಿ ಹಾಕಿದರೆ ಮಿನುಗುವುದು ಬಂತು. ‘ನಿಮ್ಮ ಮೂತ್ರಪಿಂಡ ನಿಮ್ಮ ಹೊಣೆ’ ಎಂದು ಬರೆದದ್ದು ನಾಲ್ಕು ಬಂದವು, ಆ ಸಮ್ಮೇಳನಕ್ಕೆ ಜನರನ್ನು ಕರೆದುಕೊಂಡು ಹೋದವಳು ನಾನೇ.

ಅತ್ತಿಗೆ ಎರಡನೆಯ ದಿನ ಸಂಜೆ ಬಂದು ರಾಶಿ ನೋಡಿದಳು.

"ಶಶಿ, ಬಾಣಲೆ?"

"ಯಾರೂ ತಂದಿಲ್ಲ."

"ಹಸಿವಾದ್ರೆ ಏನು ಮಾಡ್ಲಿ? ಮಲ್ಕೊಂಡು ಒಳ್ಳೆ ಕನಸು ಕಾಣ್ಲಾ?"

ಬೆಂಕಿ ಬಿದ್ದ ಮೇಲೆ ಅವಳು ನಕ್ಕಿದ್ದು ಅದೇ ಮೊದಲು. ಆ ನಗುವಿಗಾಗಿ ಈ ಊರಿಗೆ ನಾನು ಋಣಿ.

೪

ಈಗ ಕಥೆಗಾರ್ತಿಯಾಗಿ ನಾನು ಒಂದು ಸಂಗತಿಯನ್ನು ನಿಮ್ಮಿಂದ ಮುಚ್ಚಿಟ್ಟು, ಕೊನೆಯಲ್ಲಿ ಬಿಚ್ಚಿ ಚಪ್ಪಾಳೆ ಗಿಟ್ಟಿಸಬಹುದು. ಮಾಡುವುದಿಲ್ಲ. ಮುಚ್ಚಿಡುವುದರಿಂದ ಏನಾಗುತ್ತದೆ ಎಂದು ಆ ವಾರ ಸಾಕಷ್ಟು ಕಲಿತಿದ್ದೇನೆ.

ಮೊದಲ ದಿನ ಎಲ್ಲರೂ ಊಟಕ್ಕೆ ಹೋದಾಗ ಲೋರ್ನಾ ಹಾಲ್‌ಗೆ ಬಂದಳು. ಅರವತ್ತೆರಡು ವರ್ಷದ ಗಟ್ಟಿ ಹೆಂಗಸು. (ಸಣ್ಣಗಿದ್ದಳು ಎಂದು ಬರೆಯಬೇಕಂತೆ. ಗಟ್ಟಿ ಎನ್ನುವಲ್ಲಿಗೆ ರಾಜಿಯಾಯಿತು.) ಬ್ರೆಡ್ಡಿನ ಖಾಲಿ ಕವರಿನಲ್ಲಿ ಏನೋ ಸುತ್ತಿ ತಂದಿದ್ದಳು. ಮೇಜಿನ ಮೇಲಿಟ್ಟು, ಕೈಯನ್ನು ಅದರ ಮೇಲಿಂದ ತೆಗೆಯದೆ ಸ್ವಲ್ಪ ಹೊತ್ತು ನಿಂತಳು.

"ಯಾರು ಕೊಟ್ರು ಅಂತ ಕೇಳಿದ್ರೆ ಗೊತ್ತಿಲ್ಲ ಅನ್ನು."

"ಯಾಕೆ ಲೋರ್ನಾ?"

"ನಾನು ಕೊಟ್ಟೆ ಅಂದ್ರೆ ಅವಳು ಮುಟ್ಟಲ್ಲ. ನೀನು ನರ್ಸ್ ಅಲ್ವಾ? ಗುಟ್ಟು ಕಾಯೋದು ನಿನ್ನ ಕೆಲಸ."

ಅದು ನಿಜ, ಅವಳು ಮುಟ್ಟುತ್ತಿರಲಿಲ್ಲ. ಅವರಿಬ್ಬರೂ ಮಾತು ಬಿಟ್ಟು ಹದಿನೆಂಟು ವರ್ಷವಾಗಿತ್ತು. ಅದಕ್ಕೆ ಮೊದಲು ಇಪ್ಪತ್ತು ಸುಗ್ಗಿ ಇಬ್ಬರೂ ಒಂದೇ ದೋಣಿಯಲ್ಲಿ ಸರೋವರದ ಕಾಡಕ್ಕಿ ಬಡಿದವರು. ಲೋರ್ನಾ ನಿಂತು ಕೋಲು ಹಾಕಿ ದೋಣಿ ನೂಕುವಳು, ಡೆಲ್ಫಿನ್ ಕೂತು ತೆನೆಗಳನ್ನು ಬಗ್ಗಿಸಿ ಬಡಿಯುವಳು. ಒಂದು ಸೆಪ್ಟೆಂಬರ್‌ನಲ್ಲಿ, ದಡ ಇನ್ನೇನು ಹತ್ತು ಮಾರು ಇದೆ ಎನ್ನುವಾಗ, ತುಂಬಿದ ದೋಣಿ ಮಗುಚಿತು. ದಿನದ ಅಕ್ಕಿಯೆಲ್ಲ ನೀರಿಗೆ ಹೋಯಿತು. ನೀನು ಬಗ್ಗಿದೆ, ನೀನು ಎಳೆದೆ ಎಂದು ಶುರುವಾದದ್ದು ದಡಕ್ಕೆ ಬರುವಷ್ಟರಲ್ಲಿ ಬೆಳೆಯಿತು. ಅಲ್ಲಿ ಅರ್ಧ ಊರೇ ನಿಂತಿತ್ತು. ಎಲ್ಲರೆದುರು ಲೋರ್ನಾ ಹೇಳಿದಳು: "ತಾಯಿ ಇಲ್ದೆ ಬೆಳ್ದವಳಿಗೆ ದೋಣೀಲಿ ಕೂರೋದನ್ನ ಯಾರು ಕಲಿಸ್ತಾರೆ?"

ಡೆಲ್ಫಿನ್ ಒದ್ದೆ ಬಟ್ಟೆಯಲ್ಲೇ ನಡೆದು ಮನೆಗೆ ಹೋದಳು. ಅಲ್ಲಿಂದ ಮುಂದೆ ಅವರ ಮನೆಗಳ ನಡುವೆ ಐದೇ ಮನೆ, ಆದರೆ ಹದಿನೆಂಟು ವರ್ಷ. ಸಾವಿನ ಮನೆಯಲ್ಲಿ ಒಬ್ಬಳು ಒಲೆಯ ಈಚೆ ನಿಂತರೆ ಇನ್ನೊಬ್ಬಳು ಆಚೆ.

ಕವರು ಬಿಚ್ಚಿ ನೋಡಿದೆ. ಅಂಗೈ ಅಗಲದ ಒಂದು ಸುತ್ತು. ಕೆಂಪು ವಿಲ್ಲೋ ಕಡ್ಡಿಯನ್ನು ಬಗ್ಗಿಸಿ ಮಾಡಿದ್ದು, ಒಣಗಿ ಕಂದಾಗಿತ್ತು. ಗಿಡದ ನಾರಿನ ಹೆಣಿಗೆ, ಒಂದೆರಡು ಕಡೆ ಹರಿದಿತ್ತು. ಗರಿ ಇಲ್ಲ, ಮಣಿ ಇಲ್ಲ. ಕೊನೆಗೆ ನಲವತ್ತೆರಡಾಗಲಿದ್ದ ರಾಶಿಯ ಜೊತೆ ಇಟ್ಟೆ.

೫

ಟೀಚರ ಮನೆಯ ಗೋಡೆಗಳು ಆಸ್ಪತ್ರೆಯಂತೆ ಬೆಳ್ಳಗಿದ್ದವು. ಅತ್ತಿಗೆಗೆ ಅಂಥ ಗೋಡೆ ನೋಡಿದರೆ ನಿದ್ದೆ ಬರುವುದಿಲ್ಲ, ಕಾರಣ ನೀವು ಊಹಿಸಬಲ್ಲಿರಿ. ಶನಿವಾರ ಬೆಳಿಗ್ಗೆ ಸುತ್ತಿಗೆ ಹಿಡಿದು ನಿಂತಳು.

"ಒಂದನ್ನೂ ಬಿಡಲ್ಲ. ಎಲ್ಲಾನೂ ಹಾಕ್ತೀನಿ."

ನಾನು ನೆಲದಲ್ಲಿ ಕೂತು ಎಳೆ ಬಿಡಿಸಿ ಕೊಡುತ್ತಿದ್ದೆ. ಸೋಫಾದ ಮೇಲೆ ಜೊಸೆಟ್ ಚಿಕ್ಕಮ್ಮ ಕೂತಿದ್ದಳು. ಮಾರ್ಗರೀಟ್‌ಳ ತಂಗಿ, ಎಂಬತ್ತನಾಲ್ಕು ವರ್ಷ, ಕಣ್ಣಿಗೆ ಪೊರೆ ತೆಗೆಸಿ ಆರು ತಿಂಗಳಾಗಿತ್ತು. ಹೊಸ ಕಣ್ಣಿನಿಂದ ಎಲ್ಲದರಲ್ಲೂ ತಪ್ಪು ಹುಡುಕುತ್ತಿದ್ದಳು.

"ಇಷ್ಟು ಬಲೆ ಹಾಕಿದ್ರೆ ಕನಸಿರ್ಲಿ, ಸೊಳ್ಳೇನೂ ಒಳಗೆ ಬರಲ್ಲ."

"ಬರದಿದ್ರೆ ಒಳ್ಳೇದೇ ಚಿಕ್ಕಮ್ಮ."

"ಮಿನುಗೋದನ್ನ ಬಚ್ಚಲಲ್ಲಿ ಹಾಕು. ರಾತ್ರಿ ದಾರಿ ಕಾಣತ್ತೆ."

ಹೀಗೆ ಮೂವತ್ತೊಂಬತ್ತಾಯಿತು, ನಲವತ್ತಾಯಿತು. ಆಮೇಲೆ ನಾನು ಬ್ರೆಡ್ಡಿನ ಕವರಿನಿಂದ ಆ ಸಣ್ಣದನ್ನು ತೆಗೆದು ಚಿಕ್ಕಮ್ಮನ ಕೈಗೆ ಕೊಟ್ಟೆ, ಅತ್ತಿಗೆಗೆ ದಾಟಿಸಲೆಂದು. ಚಿಕ್ಕಮ್ಮ ದಾಟಿಸಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದಳು. ಬೆರಳಿನ ತುದಿಯಿಂದ ಹೆಣಿಗೆಯ ದಾರಿ ಹಿಡಿದು ಸುತ್ತಿದಳು, ಮತ್ತೆ ಸುತ್ತಿದಳು.

"ಇದು ಉಲ್ಟಾ ಹೋಗಿದೆ" ಎಂದಳು.

"ತಪ್ಪಾಗಿ ಹೆಣೆದಿದಾರಾ?" ಎಂದೆ.

"ತಪ್ಪಲ್ಲ. ನಾವೆಲ್ಲ ಹೆಣೆಯೋದು ಸೂರ್ಯ ಹೋಗೋ ದಿಕ್ಕಲ್ಲಿ. ಹಿಂಗೆ ಉಲ್ಟಾ ಹೋಗ್ತಿದ್ದಿದ್ದು ಒಬ್ಬಳದೇ ಕೈ. ಅಕ್ಕಂದು. ಅವಳು ಎಡಚಿ. ಅಮ್ಮ ಎಷ್ಟು ಬೈದ್ರೂ ಕೈ ಆ ಕಡೆಗೇ ಹೋಗೋದು."

ಅತ್ತಿಗೆ ಸ್ಟೂಲಿನ ಮೇಲೆ ನಿಂತಿದ್ದವಳು ತನ್ನ ಕೈಯಲ್ಲಿದ್ದ ಸುತ್ತಿಗೆಯನ್ನು ನೋಡಿದಳು. ಅದು ಎಡಗೈಯಲ್ಲಿತ್ತು. ಹುಡುಗಿಯಾಗಿದ್ದಾಗ, ಇವರ ಮಕ್ಕಳನ್ನು ಮನೆಯಿಂದ ಒಯ್ದು ಇಡುತ್ತಿದ್ದ ವಸತಿ ಶಾಲೆಯಲ್ಲಿ ಆ ಕೈಯನ್ನು ಬೆನ್ನಿಗೆ ಕಟ್ಟಿ ಅವಳಿಂದ ಬರೆಸಿದ್ದರು. ಬರವಣಿಗೆ ಬಲಗೈಗೆ ಹೋಯಿತು. ಉಳಿದ ಕೆಲಸವೆಲ್ಲ ಎಡಗೈಯಲ್ಲೇ ಉಳಿಯಿತು.

"ಅಮ್ಮ ಎಡಚಿ ಅಂತ ಯಾಕೆ ಹೇಳ್ಲಿಲ್ಲ ನೀನು?"

"ನೀನು ಕೇಳ್ಲಿಲ್ಲ. ನಿನಗೆ ಗೊತ್ತು ಅಂದ್ಕೊಂಡಿದ್ದೆ."

ಅತ್ತಿಗೆ ಇಳಿದು ಬಂದು ನೆಲದಲ್ಲಿ ಕೂತಳು. ಸುತ್ತನ್ನು ಎರಡೂ ಅಂಗೈಯಲ್ಲಿಟ್ಟುಕೊಂಡಳು.  ಕೊನೆಗೆ ನನ್ನನ್ನು ಕೇಳಿದಳು.

"ಇದನ್ನ ಯಾರು ತಂದ್ರು?"

"ಗೊತ್ತಿಲ್ಲ" ಎಂದೆ.

(ಡೆಲ್ಫಿನ್, ಈ ಭಾಗ ಕೇಳಿಸಿಕೊಂಡ ಮೇಲೆ: "ಆ ಸುಳ್ಳನ್ನ ದಪ್ಪಕ್ಷರದಲ್ಲಿ ಹಾಕು." ಪ್ರಕಾಶಕರು ಒಪ್ಪಲಾರರು ಎಂದೆ. "ಹಂಗಾದ್ರೆ ಎರಡು ಸಲ ಬರಿ." ಬರೆಯುತ್ತೇನೆ: ಗೊತ್ತಿಲ್ಲ ಎಂದೆ.)

೬

ಕೊಟ್ಟವರ ಹೆಸರು ಅವಳಿಗೆ ಬೇಕೇ ಬೇಕಿತ್ತು. ಇಲ್ಲಿ ನೆರವು ಪಡೆದವರು ರೇಡಿಯೋಕ್ಕೆ ಹೋಗಿ ಒಬ್ಬೊಬ್ಬರ ಹೆಸರು ಹಿಡಿದು ಮೀಗ್ವೆಚ್ ಹೇಳಬೇಕು. ಮೀಗ್ವೆಚ್ ಎಂದರೆ ಉಪಕಾರವಾಯಿತು ಎಂದು. ನಮ್ಮ ಕಡೆ ಸ್ವಂತದವರಿಗೆ ಥ್ಯಾಂಕ್ಸ್ ಅಂದರೆ ‘ನಾವೇನು ಹೊರಗಿನವರಾ?’ ಎಂದು ಮುನಿಸಿಕೊಳ್ಳುತ್ತಾರೆ. ಇಲ್ಲಿ ಹೇಳದಿದ್ದರೆ ಮುನಿಸಿಕೊಳ್ಳುತ್ತಾರೆ. ಮೊದಮೊದಲು ನನಗೆ ಇದು ವಿಚಿತ್ರ ಅನ್ನಿಸುತ್ತಿತ್ತು. ಈಗ ಚಿತ್ರದುರ್ಗಕ್ಕೆ ಹೋದಾಗ ಕಾಫಿ ಕೊಟ್ಟ ತಂಗಿಗೂ ಥ್ಯಾಂಕ್ಸ್ ಹೇಳಿ ಬೈಸಿಕೊಳ್ಳುತ್ತೇನೆ.

ಮುಂದಿನ ಶುಕ್ರವಾರ ಮಧ್ಯಾಹ್ನಕ್ಕೆ ಮೊರಿಸ್ ಸಮಯ ಕೊಟ್ಟಿದ್ದ. ಗುರುವಾರ ಅತ್ತಿಗೆ, ಜೊಸೆಟ್ ಚಿಕ್ಕಮ್ಮ, ನಾನು ಅಡುಗೆಮನೆಯಲ್ಲಿ ಟೀ ಕುಡಿಯುತ್ತಾ ಹೆಸರುಗಳ ಪಟ್ಟಿ ಮಾಡುತ್ತಿದ್ದೆವು. ನಲವತ್ತೆರಡು ಸಿಕ್ಕವು. ಚಿಕ್ಕಮ್ಮ ಸುಮ್ಮನೆ ನೆನಪು ಕೆದಕುತ್ತಿದ್ದಳು.

"ಅಕ್ಕ ಹೆರಿಗೆ ಮಾಡಿಸಿದ ಮಕ್ಕಳಿಗೆಲ್ಲ ಒಂದೊಂದು ಹೆಣೀತಿದ್ಲು. ಅವು ಉಳಿಯಲ್ಲ. ಮಗು ದೊಡ್ಡದಾಗ್ತಾ ಒಣಗಿ ಮುರೀಲಿ ಅಂತಾನೇ ಮಾಡೋದು. ನಿಂದು ಹಂಗೇ ಮುರೀತು. ವೆಂಡೆಲ್‌ದನ್ನ ವೆಂಡೆಲ್ಲೇ ಹಲ್ಲು ಬರೋವಾಗ ಕಚ್ಚಿ ಹಾಳು ಮಾಡಿದ. ಆ ಎರಡರ ಮಧ್ಯೆ ಒಂದು ಮಾಡಿದ್ಲು, ತುಂಬಾ ಕಷ್ಟದ ಹೆರಿಗೆ ಅದು. ಆ ಹುಡುಗಿ…"

ಚಿಕ್ಕಮ್ಮ ಅಲ್ಲಿಗೇ ನಿಲ್ಲಿಸಿದಳು. ಟೀ ಲೋಟ ಕೆಳಗಿಟ್ಟಳು. ಆ ಹೆಸರನ್ನು ಅತ್ತಿಗೆಯ ಎದುರು ಹದಿನೆಂಟು ವರ್ಷದಿಂದ ಯಾರೂ ಹೇಳಿರಲಿಲ್ಲ.

ಅತ್ತಿಗೆ ಚಿಕ್ಕಮ್ಮನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ನಿನಗೆ ಗೊತ್ತಿತ್ತು."

"ಹೂಂ."

"ಐದು ದಿನದಿಂದ ನನ್ನ ಜೊತೆ ಟೀ ಕುಡೀತಾ ಕೂತಿದೀಯ."

"ಮಾತು ಕೊಟ್ಟಿದ್ದೆ ಅತ್ತಿಗೆ."

ಅವಳು ಎದ್ದು, ನನ್ನ ಮುಂದಿದ್ದ ಅರ್ಧ ಲೋಟ ಟೀ ತೆಗೆದುಕೊಂಡು ಹೋಗಿ ಸಿಂಕಿಗೆ ಚೆಲ್ಲಿದಳು. ಮೂವತ್ತೊಂದು ವರ್ಷದಲ್ಲಿ ನನಗೆ ಅವಳಿಂದ ಸಿಕ್ಕ ದೊಡ್ಡ ಶಿಕ್ಷೆ ಅದು. ಮನೆಗೆ ಬಂದು ವೆಂಡೆಲ್‌ನ ಎದುರು ಅತ್ತೆ. "ಟೀ ಚೆಲ್ಲಿದ್ಲಾ? ಹಂಗಾದ್ರೆ ನಿನ್ನ ಮೇಲೆ ಕೋಪ ಇಲ್ಲ" ಎಂದ. "ಕೋಪ ಬಂದ್ರೆ ಲೋಟಾನೂ ಹೋಗ್ತಿತ್ತು."

೭

ರೇಡಿಯೋ ಕೋಣೆ ಪಂಚಾಯಿತಿ ಕಚೇರಿಯ ಹಿಂಭಾಗದಲ್ಲಿದೆ. ಒಂದು ಮೈಕು, ಒಂದು ಫೋನು, ಬಿಂಗೋ ಚೆಂಡುಗಳ ಡಬ್ಬಿ. ಅತ್ತಿಗೆ ನನಗೆ ಬಾ ಎನ್ನಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಬಾಗಿಲ ಹತ್ತಿರ ನಿಂತೆ.

ಅವಳು ಪಟ್ಟಿ ಓದಲು ಶುರು ಮಾಡಿದಳು. "ಆರ್ಚಿ, ನಿನ್ನದರ ಮೇಲಿರೋ ತೋಳ ಥೇಟ್ ನಿನ್ನ ಥರಾನೇ ಇದೆ, ಮೀಗ್ವೆಚ್. ವರ್ನಾ, ನೇರಳೆ ಗರಿಗೆ ಮೀಗ್ವೆಚ್, ಆ ಪಕ್ಷಿ ಎಲ್ಲಿ ಸಿಕ್ತು ನಿನಗೆ? ಮೂತ್ರಪಿಂಡದ ನಾಲ್ಕೂ ಜನಕ್ಕೆ ಒಟ್ಟಿಗೆ ಮೀಗ್ವೆಚ್." ಹೆಸರು ಹೆಸರಿಗೂ ಒಂದು ಚುಚ್ಚು ಮಾತು, ಒಂದು ಮೀಗ್ವೆಚ್. ನಲವತ್ತೆರಡು ಮುಗಿಯಿತು. ಅವಳು ಕಾಗದ ಮಡಚಿದಳು.

"ನಲವತ್ಮೂರನೇದು ನಮ್ಮಮ್ಮ ಹೆಣೆದಿದ್ದು. ನನ್ನ ಹತ್ರ ಅವಳದು ಏನೂ ಉಳಿದಿರ್ಲಿಲ್ಲ. ಯಾರೋ ಅದನ್ನ ಅರವತ್ತೆರಡು ವರ್ಷ ಮುರೀದ ಹಾಗೆ ನೋಡ್ಕೊಂಡಿದಾರೆ. ನನ್ನಮ್ಮ ಎಡಚಿ ಅಂತ ನನಗೆ ಗೊತ್ತಾಗಿದ್ದು ಅದರಿಂದ. ಕೊಟ್ಟವರು ಹೆಸರು ಹೇಳ್ಬೇಡಿ ಅಂದಿದಾರಂತೆ. ಆಯ್ತು, ಹೇಳಲ್ಲ." ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ದೋಣಿ ಮಗುಚಿದವರಿಗೂ ಮೀಗ್ವೆಚ್."

ಹತ್ತು ಸೆಕೆಂಡ್ ಆಗಿರಬಹುದು. ಫೋನ್ ಬಡಿದುಕೊಂಡಿತು. ಮೊರಿಸ್ ಯಾವ ಕರೆಯನ್ನೂ ಖಾಸಗಿಯಾಗಿ ತೆಗೆದುಕೊಂಡವನಲ್ಲ. ಗುಂಡಿ ಒತ್ತಿದ, ಊರಿಗೆಲ್ಲ ಕೇಳಿಸಿತು.

"ಮಗುಚಿದ್ದು ನಾನಲ್ಲ."

"ನಾನು ಯಾರ ಹೆಸರೂ ಹೇಳ್ಲಿಲ್ವಲ್ಲ" ಎಂದಳು ಅತ್ತಿಗೆ.

"ನೀನು ಬಗ್ಗಿದೆ. ಬಾತುಕೋಳಿ ನೋಡೋಕೆ ಬಗ್ಗಿದೆ."

"ಅಲ್ಲಿ ಬಾತುಕೋಳಿ ಇರ್ಲಿಲ್ಲ."

"ಎರಡಿದ್ವು."

"ನೀನು ಕೋಲನ್ನ ಕೆಸರಲ್ಲಿ ಹುಗಿದು, ಅದು ಬರ್ಲಿಲ್ಲ ಅಂತ ಇಡೀ ದೋಣಿ ಎಳೆದೆ."

"ಇಪ್ಪತ್ತು ವರ್ಷ ನಿನ್ನನ್ನ ಕೂರಿಸ್ಕೊಂಡು ಕೋಲು ಹಾಕಿದೀನಿ. ಒಂದ್ಸಲಾನಾದ್ರೂ ನಿನ್ನ ಕಾಲು ನೆನೆದಿತ್ತಾ?"

"ಇಲ್ಲ" ಎಂದಳು ಅತ್ತಿಗೆ. "ನೆನೆದಿರ್ಲಿಲ್ಲ."

ಮೊರಿಸ್ ಗಡಿಯಾರ ತೋರಿಸಿ, "ಒಂದು ಗಂಟೆಗೆ ಬಿಂಗೋ ಇದೆ" ಎಂದ. ಇಬ್ಬರೂ ಒಟ್ಟಿಗೆ "ಸುಮ್ನಿರೋ" ಎಂದರು. ಹದಿನೆಂಟು ವರ್ಷದಲ್ಲಿ ಅವರು ಒಪ್ಪಿಕೊಂಡ ಮೊದಲ ವಿಷಯ ಅದು.

ಹನ್ನೊಂದು ನಿಮಿಷ ನಡೆಯಿತು. ಗಾಳಿಯ ದಿಕ್ಕು, ದೋಣಿಯ ಭಾರ, ಬಾತುಕೋಳಿಗಳ ಸಂಖ್ಯೆ. 

"ಅವತ್ತು ದಡದಲ್ಲಿ ನಾನೊಂದು ಮಾತಂದೆ" ಎಂದಳು ಲೋರ್ನಾ.

"ಹೂಂ."

"ಅಂದಿದ್ದು ಎಲ್ಲರ ಮುಂದೆ. ಅದಕ್ಕೆ ಏನು ಹೇಳ್ಬೇಕೋ ಅದನ್ನೂ ಎಲ್ಲರ ಮುಂದೇನೇ ಹೇಳ್ತೀನಿ."

"ಬೇಡ. ಮನೆಗೆ ಬಾ."

ಬಿಂಗೋ ಒಂದೂ ಇಪ್ಪತ್ತಕ್ಕೆ ಶುರುವಾಯಿತು. ಯಾರೂ ದೂರಲಿಲ್ಲ. ಕಾರಿನಲ್ಲಿ ಬರುವಾಗ ಅತ್ತಿಗೆ ಮುಂದೆ ನೋಡುತ್ತಲೇ, "ಟೀ ಮಾಡ್ತೀನಿ ಬಾ. ಈ ಸಲ ಚೆಲ್ಲಲ್ಲ" ಎಂದಳು.

೮

ಮುಕ್ತಾಯ, ಮೊದಲ ಪ್ರಯತ್ನ. ಲೋರ್ನಾ ಬಂದಳು. ಬಾಗಿಲಲ್ಲೇ ಇಬ್ಬರೂ ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತರು.

ಡೆಲ್ಫಿನ್: "ಯಾರು ಅತ್ತಿದ್ದು? ನಾನಾ ಅವಳಾ?"

"ಇಬ್ಬರೂ."

"ಅಳಿಸು."

ಮುಕ್ತಾಯ, ಎರಡನೆಯ ಪ್ರಯತ್ನ. ಲೋರ್ನಾ ಬರಲಿಲ್ಲ. ಖಾಲಿ ಕುರ್ಚಿ. ಗಾಳಿಗೆ ನಲವತ್ತಮೂರು ಬಲೆಗಳು ಮೆಲ್ಲಗೆ ಅಲುಗಾಡಿದವು. (ಇದು ನನಗೆ ಇಷ್ಟವಾಗಿತ್ತು. ಇಂಥದ್ದಕ್ಕೆ ವಿಮರ್ಶಕರು ಒಳ್ಳೆಯ ಮಾತು ಬರೆಯುತ್ತಾರೆ.)

ಲೋರ್ನಾ: "ಬರದೇ ಇರೋಕೆ ನನಗೇನು ಕಾಲಿಲ್ವಾ?"

ಸರಿ. ನಡೆದದ್ದು ಹೀಗೆ. ಮರುದಿನ ಮಧ್ಯಾಹ್ನ ಮೂರು ಗಂಟೆಗೆ ಲೋರ್ನಾ ಬಂದಳು, ಕೋಟು ಬಿಚ್ಚದೆ ಸೋಫಾದ ತುದಿಯಲ್ಲಿ ಕೂತಳು. ಗೋಡೆಯನ್ನು ಆ ಮೂಲೆಯಿಂದ ಈ ಮೂಲೆಯವರೆಗೆ ನೋಡಿದಳು.

"ಇದೇನೇ, ಪೆಟ್ರೋಲ್ ಬಂಕಿನ ಅಂಗಡಿ ಥರ ಮಾಡಿದೀಯ."

"ಕೊಟ್ಟವರು ನೀವೆಲ್ಲ."

ಅತ್ತಿಗೆ ಒಳಗೆ ಹೋಗಿ ಆ ಸಣ್ಣ ಸುತ್ತನ್ನು ತಂದು ಅವಳ ಮುಂದೆ ಹಿಡಿದಳು. "ತಗೋ. ಇದು ನಿನ್ನ ತೊಟ್ಟಿಲಿಂದು. ನೋಡ್ದೆ, ಸಾಕು."

ಲೋರ್ನಾ ಕೈ ಚಾಚಲಿಲ್ಲ. ಮೊಣಕಾಲ ಮೇಲೆ ಎರಡೂ ಕೈ ಇಟ್ಟುಕೊಂಡು ನಿಧಾನವಾಗಿ ಹೇಳಿದಳು. "ನಾನು ಹುಟ್ಟಿದಾಗ ಉಸಿರಾಡ್ಲಿಲ್ವಂತೆ. ನೀಲಿಗಟ್ಟಿದ್ನಂತೆ. ನಮ್ಮಮ್ಮ ಸಾಯೋವರ್ಗೂ ಹೇಳ್ತಿದ್ಲು. ಮಾರ್ಗರೀಟ್ ನನ್ನ ಬಾಯಿಗೆ ಬಾಯಿಟ್ಟು ಊದಿದ್ಲು. ಎಲ್ಲರೂ ಬಿಡು ಅಂದ್ರೂ ಬಿಡ್ಲಿಲ್ಲ. ಆಮೇಲೆ ಮೂರು ದಿನ ಮನೆಗೆ ಹೋಗದೆ ನನ್ನ ತೊಟ್ಟಿಲ ಹತ್ರಾನೇ ಕೂತು ಇದನ್ನ ಹೆಣೆದ್ಲು. ಅದಕ್ಕೇ ಅಮ್ಮ ಇದನ್ನ ಮುರಿಯೋಕೆ ಬಿಡ್ಲಿಲ್ಲ, ನಾನೂ ಬಿಡ್ಲಿಲ್ಲ." ಅವಳು ತಲೆ ಎತ್ತಿದಳು. "ಡೆಲ್ಫಿನ್, ದಡದಲ್ಲಿ ನಿನಗೆ ಆ ಮಾತು ಅಂದ್ನಲ್ಲ. ಅದನ್ನ ಅಂದಿದ್ದು ನಿಮ್ಮಮ್ಮ ಕೊಟ್ಟ ಉಸಿರಲ್ಲಿ ಕಣೇ. ಹದಿನೆಂಟು ವರ್ಷದಿಂದ ಅದೊಂದನ್ನ ನುಂಗೋಕಾಗ್ತಿಲ್ಲ."

ನಾನು ಅಡುಗೆಮನೆಯ ಬಾಗಿಲಲ್ಲಿ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ. ಕಥೆಗಾರ್ತಿಯಾಗಿ ಈ ಮಾತಿನ ನಂತರ ಏನು ಬರಬೇಕು ಎಂದು ನನಗೆ ಹೊಳೆಯಲಿಲ್ಲ, ಈಗಲೂ ಹೊಳೆಯುತ್ತಿಲ್ಲ. ಪುಣ್ಯಕ್ಕೆ ಅದನ್ನು ಹೇಳಬೇಕಾದವಳು ನಾನಾಗಿರಲಿಲ್ಲ.

ಅತ್ತಿಗೆ ಸುತ್ತು ಹಿಡಿದಿದ್ದ ಕೈ ಇಳಿಸಿ ಅವಳ ಪಕ್ಕ ಕೂತಳು.

"ಹಂಗಾದ್ರೆ ಅವತ್ತು ನನ್ನನ್ನ ಬೈದಿದ್ದು ನಮ್ಮಮ್ಮ ಅಂತಾಯ್ತು."

ಲೋರ್ನಾ ಅವಳನ್ನೇ ನೋಡಿದಳು.

"ನನಗೆ ನೆನಪಿರೋ ಹಾಗೆ ಅವಳು ನನ್ನನ್ನ ಬೈದಿದ್ದೇ ಇಲ್ಲ. ಬೈಯೋಷ್ಟು ದಿನ ಇರ್ಲಿಲ್ಲ ಪಾಪ." ಅತ್ತಿಗೆ ಟೀ ಲೋಟವನ್ನು ಲೋರ್ನಾಳ ಕಡೆ ಸರಿಸಿದಳು. "ಅಮ್ಮ ಬೈದಿದ್ದನ್ನ ಮನಸಲ್ಲಿ ಇಟ್ಕೋಬಾರ್ದು. ಕೋಟು ಬಿಚ್ಚೇ, ಟೀ ಆರ್ತಿದೆ."

ಲೋರ್ನಾ ಕೋಟು ಬಿಚ್ಚಿದಳು. ಆಮೇಲೆ ಒಬ್ಬಳು ಅತ್ತಳು. ಯಾರು ಎಂದು ಬರೆಯಬಾರದು ಎಂದು ಇಬ್ಬರೂ ಸೇರಿ ಆಜ್ಞೆ ಮಾಡಿದ್ದಾರೆ.

೯

ಇಲ್ಲಿಗೆ ಮುಗಿಸಬಹುದಿತ್ತು. ಆದರೆ ಆ ಸುತ್ತು ಕೊನೆಗೆ ಯಾರದಾಯಿತು ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ. ಅತ್ತಿಗೆ ಅದನ್ನು ಲೋರ್ನಾಳ ಕೋಟಿನ ಜೇಬಿಗೆ ತುರುಕಿ ಕಳಿಸಿದಳು. ಮೂರು ದಿನದ ನಂತರ ಅದು ಮೀನಿನ ಬುಟ್ಟಿಯ ತಳದಲ್ಲಿ ವಾಪಸ್ಸು ಬಂತು. ಮತ್ತೆ ಹೋಯಿತು. ಮೊನ್ನೆ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತು. ನೀವು ಇದನ್ನು ಓದುವ ದಿನ ಅದು ಇಬ್ಬರಲ್ಲಿ ಯಾರ ಮನೆಯಲ್ಲಿದೆ ಎಂದು ಹೇಳಲಾರೆ. ಮೊದಲ ಪುಟಕ್ಕೆ ಮೊಳೆ ಎಣಿಸಿ ಹೇಳಿದ ಅತ್ತಿಗೆಯೇ ಈಗ, "ಅದನ್ನ ಕೇಳ್ಬೇಡ" ಅನ್ನುತ್ತಾಳೆ.

ಇನ್ನೊಂದು ಸಂಗತಿಯೂ ಇದೆ. ಲೋರ್ನಾಳ ಮೊಮ್ಮಗಳಿಗೆ ಫೆಬ್ರವರಿಯಲ್ಲಿ ಹೆರಿಗೆ. ಆ ಮಗುವಿನ ತೊಟ್ಟಿಲಿಗೆ ಒಂದು ಹೆಣೆದುಕೊಡು ಎಂದು ಲೋರ್ನಾ ಕೇಳಿದ್ದಾಳೆ, ಜೊಸೆಟ್ ಚಿಕ್ಕಮ್ಮನನ್ನಲ್ಲ, ಡೆಲ್ಫಿನ್‌ಳನ್ನು. ಅತ್ತಿಗೆ ಈವರೆಗೆ ಒಂದನ್ನೂ ಹೆಣೆದವಳಲ್ಲ. ಈಗ ಈ ಮೇಜಿನ ಆಚೆ ಬದಿಯಲ್ಲಿ ಮೂವರೂ ಕೂತಿದ್ದಾರೆ. ಚಿಕ್ಕಮ್ಮ ಕಲಿಸುತ್ತಿದ್ದಾಳೆ, ಅತ್ತಿಗೆಯ ಕೈ ಉಲ್ಟಾ ಹೋಗುತ್ತಿದೆ, ಈ ಬಾರಿ ಯಾರೂ ಬೈಯುತ್ತಿಲ್ಲ. ಲೋರ್ನಾ ಮಾತ್ರ ಸುಮ್ಮನಿರುತ್ತಿಲ್ಲ.

"ಗಂಟು ಸಡಿಲ ಆಯ್ತು."

"ನಿನ್ನ ಬಾಯಿಗಿಂತ ಬಿಗಿಯಾಗಿದೆ."

ಇದು ಏಳನೆಯದು. ಹಿಂದಿನ ಆರೂ ಬಿಚ್ಚಿಹೋದವು. ಮಗು ಬರುವಷ್ಟರಲ್ಲಿ ಒಂದಾದರೂ ನಿಲ್ಲುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಈ ಸಲದ ‘ಗೊತ್ತಿಲ್ಲ’ ನಿಜವಾದದ್ದು. ಒಂದು ಒಳ್ಳೆಯ ಕೊನೆಯ ಸಾಲು ಸಿಕ್ಕರೆ ಸಾಕು ಎಂದು ಬೆಳಿಗ್ಗೆಯಿಂದ ಕೂತಿದ್ದೇನೆ.

"ಶಶಿ, ಕಡ್ಡಿ ಬಿಚ್ಕೊಳ್ತಾ ಇದೆ. ಬಂದು ಹಿಡ್ಕೋ."

"ಒಂದೇ ಸಾಲು ಅತ್ತಿಗೆ, ಕೊನೇದು."

"ಅದು ನಾಳೇನೂ ಇರತ್ತೆ. ಇದು ಈಗ ಹಾರತ್ತೆ."

ಬಗ್ಗಿಸಿದ ಹಸಿ ವಿಲ್ಲೋ ಕಡ್ಡಿಗೆ ಶಕ್ತಿ ಬಹಳ. ದಾರ ಬಿಗಿಯುವವರೆಗೆ ಎರಡೂ ಕಡೆಯಿಂದ ಯಾರಾದರೂ ಒತ್ತಿ ಹಿಡಿಯಬೇಕು, ಒಂದು ಕೈಯಲ್ಲಿ ಆಗುವುದಿಲ್ಲ. ಪೆನ್ನು ಕೆಳಗಿಟ್ಟು ಹೋಗುತ್ತಿದ್ದೇನೆ.